ಕಬ್ಬಿಣದ ಮೇಲಿನ ಅರಿಶಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಕಬ್ಬಿಣ ಎಷ್ಟು ಕಾರಣವೋ ಈ ಸುಡುಗಾಡು ಸಿಟ್ಟೂ ಅಷ್ಟೇ ಕಾರಣ. ರಾಯಚೂರಿನಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳುತ್ತಿದ್ದಾಗ ಅವರು ಬೆನ್ನ ಹಿಂದೆ ನನ್ನನ್ನು 'ಆ್ಯಸಿಡ್ ಜಗನ್ನಾಥ' ಅನ್ನುತ್ತಿದ್ದರು. ಬ್ಯಾಟರಿಯ ಆ್ಯಸಿಡ್ ಸಿಡಿದು ನನ್ನ ಅಂಗಿಗಳೆಲ್ಲ ತೂತು ಬಿದ್ದಿದ್ದವು, ಅದಕ್ಕೇ ಆ ಹೆಸರು ಅಂತ ಬಹಳ ದಿನ ನಂಬಿದ್ದೆ.

ಪಿಎಚ್‌.ಡಿ.ಗೆಂದು ನಾನು ಎಂಟು ವರ್ಷ ಜೀವ ತೇಯ್ದ ಕೆಲಸ ಇಷ್ಟೇ: ಸವೆದ ಕಬ್ಬಿಣದ ಮೇಲೆ ಕರಗಿದ ಕಬ್ಬಿಣವನ್ನು ಪದರದ ಮೇಲೆ ಪದರ ಕೂರಿಸಿ, ಮೊದಲಿನಷ್ಟೇ ದಪ್ಪಕ್ಕೆ ಬೆಳೆಸುವುದು. ಕಡೆದು ಸಣ್ಣ ಮಾಡಲು ಲೇತ್ ಇದೆ. ಸೇರಿಸಿ ದೊಡ್ಡದು ಮಾಡುವುದು ನನ್ನ ಹುಚ್ಚು. ಅದಕ್ಕೆ ಏರಿಳಿತವಿಲ್ಲದ ಕರೆಂಟು ಬೇಕು, ನಮ್ಮ ಕಡೆಯ ಕರೆಂಟಿನ ಹಣೆಬರಹ ನಿಮಗೆ ಗೊತ್ತೇ ಇದೆ. ಹಾಗಾಗಿ ಗುಜರಿಯಿಂದ ಲಾರಿಗಳ ಸತ್ತ ಬ್ಯಾಟರಿ ತಂದೆ, ಸೀಸ ಕರಗಿಸಿ ದಪ್ಪನೆಯ ಪ್ಲೇಟುಗಳನ್ನು ಎರಕ ಹೊಯ್ದೆ, ಒಮ್ಮೆಲೇ ರಭಸದಿಂದ ಕರೆಂಟು ಕೊಟ್ಟರೂ ಪ್ಲೇಟು ಬಾಗಬಾರದು ಅಂತ ಹತ್ತಾರು ಬಗೆ ಮಾಡಿ ನೋಡಿದೆ. ಕೊನೆಗೆ ಆರು ಬ್ಯಾಟರಿ ಗಟ್ಟಿಯಾಗಿ ನಿಂತವು. ಅವುಗಳಿಂದ ಕರೆಂಟಿಲ್ಲದ ಊರಲ್ಲೂ ವೆಲ್ಡಿಂಗ್ ಮಾಡಬಹುದಾಗಿತ್ತು.

ನನ್ನ ಗೈಡ್ ಬೆಂಗಳೂರಿನವರು. ಮಾತು ಕಡಿಮೆ. ಆ ವರ್ಷ, ಅಂದರೆ ಎಂಬತ್ತೆರಡರಲ್ಲಿ, ಒಂದು ಕಾರ್ಡು ಬರೆದರು. ಕಾಲೇಜಿನ ಮೇಜಿನ ಮೇಲೆ ತುಂಡು ಕಬ್ಬಿಣ ಬೆಳೆಸಿದ್ದು ಸಾಲದು, ದುಡಿಯುವ ಯಂತ್ರದಲ್ಲಿ ಕೂರಿಸಿ ಓಡಿಸಿ ತೋರಿಸಿ, ಇಲ್ಲದಿದ್ದರೆ ಇದನ್ನು ಸಂಶೋಧನೆ ಅಂತ ನಾನು ಸಹಿ ಮಾಡಲಾರೆ, ಅಂತ. ಕಾರ್ಡು ಓದಿ ಮನೆಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದೆ ಅಂದರೆ ಮಡಿಯಲ್ಲಿದ್ದ ನಮ್ಮವ್ವ ಭಾಗೀರಥಿಬಾಯಿ ಅಡುಗೆಮನೆಯಿಂದಲೇ ಕೃಷ್ಣಾ ಕೃಷ್ಣಾ ಅಂದಳು.

ಯಂತ್ರ ಸಿಕ್ಕಿದ್ದು ಮಾನ್ವಿಯಲ್ಲಿ. ವೆಂಕಣ್ಣ ಸಾವುಕಾರರ ಅಕ್ಕಿ ಮಿಲ್ಲಿನ ಆಯಿಲ್ ಎಂಜಿನ್. ಅದರ ಗಾಲಿ ಆಳೆತ್ತರ. ಗಾಲಿ ಕೂರುವ ಶಾಫ್ಟಿನ ಕತ್ತು ಸವೆದು, ತಿರುಗಿದಾಗಲೆಲ್ಲ ಗಾಲಿ ಕುಡಿದವನ ಹಾಗೆ ತೂರಾಡುತ್ತಿತ್ತು. ಹೊಸ ಶಾಫ್ಟು ಬರಲು ಮೂರು ತಿಂಗಳು. ಸುಗ್ಗಿಯ ಭತ್ತ ಕಲ್ಲೂರು, ಮಲ್ಲಟದಿಂದ ಬಂಡಿಗಟ್ಟಲೆ ಬಂದು ಅಂಗಳದಲ್ಲಿ ಬಿದ್ದಿತ್ತು.

"ನಾಲ್ಕು ದಿನದಾಗ ಮಾಡಿಕೊಡ್ತೀನಿ ಸಾವ್ಕಾರ್ರ," ಅಂದೆ.

"ಮಾಡ್ರಿ ಸಾರ್," ಅಂದರು ವೆಂಕಣ್ಣ. "ಆದ್ರ ಮುರೀಬಾರದು ನೋಡ್ರಿ. ಮುರದ್ರ ಏನಾಕ್ಕದ ಅಂತ ನಮ್ಮ ಗದ್ದೆಪ್ಪನ ಮನಿಯವರಿಗೆ ಗೊತ್ತದ."

ಗದ್ದೆಪ್ಪ ಅಂದರೆ ಆ ಎಂಜಿನ್ ಓಡಿಸುವವನು. ದೇವದುರ್ಗದ ಕಡೆಯವನು, ಕುರಿ ಕಾಯುವ ಮನೆತನ ಬಿಟ್ಟು ಎಂಜಿನ್ನಿಗೆ ಬಂದವನು. ಅವನ ಹೆಂಡತಿ ಆದೆಮ್ಮ ಅದೇ ಮಿಲ್ಲಿನಲ್ಲಿ ಕಸ, ನೀರು, ತೌಡು ಜರಡಿ ಹಿಡಿಯುವ ಕೆಲಸ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ದೇವದುರ್ಗದ ಒಂದು ಮಿಲ್ಲಿನಲ್ಲಿ ಓಡುತ್ತಿದ್ದ ಎಂಜಿನ್ನಿನ ಶಾಫ್ಟು ಮುರಿದು, ಗಾಲಿ ಗೋಡೆ ಒಡೆದುಕೊಂಡು ಹೊರಗೆ ಹೋಗಿತ್ತು. ನಡುವೆ ನಿಂತಿದ್ದವನು ಆದೆಮ್ಮನ ತಮ್ಮ ಕನಕರಾಯ. ಇಪ್ಪತ್ತೆರಡು ವರ್ಷದವನು. ಅವನನ್ನು ಕಂಬಳಿಯಲ್ಲಿ ಕಟ್ಟಿ ತಂದರಂತೆ.

ಇದನ್ನು ಕೇಳಿ ನನಗೇನಾಯಿತು ಗೊತ್ತೇ? ಹುರುಪು ಬಂತು. ನನ್ನ ಶಾಫ್ಟು ಮುರಿಯುವುದಿಲ್ಲ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಅನ್ನಿಸಿತು.

ವೆಲ್ಡಿಂಗ್ ಮಾಡಿದ್ದು ಅಮಾವಾಸ್ಯೆಯ ದಿನ. ಶಾಫ್ಟನ್ನು ಎರಡು ಕಲ್ಲಿನ ದಿಮ್ಮಿಗಳ ಮೇಲಿಟ್ಟು, ಕೆಳಗೆ ಇದ್ದಿಲ ಬೆಂಕಿ ಹಾಕಿ ಕಾಯಿಸಿದೆವು. ಆರು ಬ್ಯಾಟರಿಗಳನ್ನು ಎರಡು ಸಾಲಾಗಿ ಜೋಡಿಸಿ ವೈರು ಎಳೆದೆ. ಗದ್ದೆಪ್ಪ ಶಾಫ್ಟನ್ನು ಒಂದೊಂದು ಬೆರಳಷ್ಟು ತಿರುಗಿಸುತ್ತ ಹೋದ, ನಾನು ಒಂದೊಂದು ಗೆರೆ ಲೋಹ ಹಾಕುತ್ತ ಹೋದೆ. ಒಂದು ಪದರ ಮುಗಿದ ಮೇಲೆ ಸುತ್ತಿಗೆಯಿಂದ ಬಡಿದು ಕಿಟ್ಟ ತೆಗೆದು ಮತ್ತೊಂದು ಪದರ. ಗದ್ದೆಪ್ಪನ ಕೈ ಒಮ್ಮೆಯೂ ನಡುಗಲಿಲ್ಲ. ಅಂಥ ಕೈ ನನ್ನ ಕಾಲೇಜಿನಲ್ಲಿ ಒಬ್ಬನಿಗೂ ಇರಲಿಲ್ಲ, ಆದರೆ ಅವನಿಗೆ ಅದನ್ನು ಹೇಳಲಿಲ್ಲ.

ನಡುವೆ ಆದೆಮ್ಮ ಕುಡಿಯುವ ನೀರಿನ ಕೊಡ ತಂದಳು. ಎಲ್ಲಿಡಬೇಕೋ ತಿಳಿಯದೆ ಸಮತಟ್ಟಾಗಿ ಕಂಡ ಬ್ಯಾಟರಿಯ ಮೇಲೆ ಇಡಲು ಬಗ್ಗಿದಳು. ಹಿತ್ತಾಳೆಯ ಕೊಡ. ಬ್ಯಾಟರಿಯ ಎರಡು ತುದಿಗೂ ತಾಗಿದ್ದರೆ ಕಿಡಿ ಹಾರಿ ದೊಡ್ಡ ಅನಾಹುತವೇ ಆಗುತ್ತಿತ್ತು, ಅದು ನಿಜ. ಆದರೆ ನಾನು ಕೂಗಿದ ರೀತಿಗೆ ಅಂಗಳದ ಎತ್ತುಗಳೂ ಬೆದರಿದವು.

"ಏ! ಮುಟ್ಟಬ್ಯಾಡ! ಕಣ್ಣಿಲ್ಲೇನ್ ನಿನಗ? ಇನ್ನೊಮ್ಮಿ ನನ್ನ ಸಾಮಾನಿನ ಹತ್ರ ಬಂದೀ ಅಂದ್ರ ನಿನ್ನಷ್ಟ ಅಲ್ಲ, ನಿನ್ನ ಗಂಡನ್ನೂ ಮಿಲ್ಲಿಂದ ಹೊರಗ ಹಾಕಸ್ತೀನಿ!"

ಆಕೆ ಕೊಡ ಎದೆಗೆ ಅವಚಿಕೊಂಡು ಹಿಂದೆ ಸರಿದಳು. ಮನೆಯಲ್ಲಿ ಅವ್ವ "ಮುಟ್ಟಬ್ಯಾಡ, ಮಡಿ" ಅಂದಾಗಲೆಲ್ಲ ಸಿಡಿಮಿಡಿಗೊಳ್ಳುತ್ತಿದ್ದ ನಾನು, ನನ್ನ ಬ್ಯಾಟರಿಗಳಿಗೆ ಅವಳಿಗಿಂತ ಕಡು ಮಡಿ ಹೇಳುತ್ತಿದ್ದೆ. ಆಗ ಅದು ಹೊಳೆಯಲಿಲ್ಲ.

ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಶಾಫ್ಟು ಇನ್ನೂ ಕೈ ಹತ್ತಿರ ಒಯ್ಯಲಾರದಷ್ಟು ಕಾದಿತ್ತು. ಮಿಲ್ಲಿನಲ್ಲಿ ಹೊಟ್ಟು ಸುಟ್ಟ ಬೂದಿಗೆ ಬರವೇ? ಒಂದು ಗುಂಡಿಯಲ್ಲಿ ಶಾಫ್ಟು ಮಲಗಿಸಿ ಮೇಲೆ ಮೊಣಕಾಲೆತ್ತರ ಬೂದಿ ಮುಚ್ಚಿದೆವು. ನಿಧಾನವಾಗಿ, ಮರುದಿನದವರೆಗೆ, ತಾನಾಗಿ ಆರಬೇಕು. ಬೇಗ ಆರಿದರೆ ಲೋಹ ಗಾಜಿನ ಹಾಗೆ ಪೆಡಸಾಗುತ್ತದೆ.

"ನಾಳಿ ಮುಂಜಾನಿ ತನ ಯಾರೂ ಇದನ್ನ ಮುಟ್ಟಬಾರದು," ಅಂತ ಗದ್ದೆಪ್ಪನಿಗೆ ಗದರಿಸಿ ಹೇಳಿ, ಎಂಜಿನ್ನಿನ ಓಟ ನೋಡಲು ಬರಲಿದ್ದ ಗೈಡಿಗೆ ರಾಯಚೂರಿನಲ್ಲಿ ಕೋಣೆ ಗೊತ್ತುಮಾಡಲು ಐದರ ಬಸ್ಸು ಹತ್ತಿದೆ. ಯಾಕೆ ಮುಟ್ಟಬಾರದು ಅಂತ ಹೇಳಲಿಲ್ಲ. ಹೇಳುವ ಅಗತ್ಯವಿದೆ ಅಂತಲೇ ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಬಂದು ಬೂದಿ ಸರಿಸಿ ಶಾಫ್ಟನ್ನು ಆ ಊರಲ್ಲೇ ಲೇತ್ ಅಂಗಡಿ ಇಟ್ಟಿದ್ದ ಶಂಶುದ್ದೀನನ ಹತ್ತಿರ ಒಯ್ದೆವು. ಮಾನ್ವಿಯಲ್ಲಿ ಬೆಳಗಿನ ಮೂರು ತಾಸು ಕರೆಂಟು ಇರುತ್ತಿತ್ತು, ಅವನ ಕೆಲಸವೆಲ್ಲ ಆಗಲೇ. ಉಳಿ ತಾಗಿಸುತ್ತಿದ್ದಂತೆ ಕಿವಿ ಚುಚ್ಚುವ ಸದ್ದು ಬಂತು.

"ಸಾಬ್, ಉಳಿ ಚೀರಾಕತ್ತದ," ಅಂದ ಶಂಶುದ್ದೀನ್. ಮೂವತ್ತು ವರ್ಷ ಲೇತಿನ ಮುಂದೆ ನಿಂತ ಮನುಷ್ಯ. "ಗಾಜು ಕೆರದಂಗ ಆಗಾಕತ್ತದ. ಇಷ್ಟ್ ಗಟ್ಟಿ ಹೆಂಗಾತು?"

"ಗಟ್ಟಿ ಆಗ್ಲಿ ಅಂತನ ಮಾಡಿದ್ದು. ನೀ ನಿನ್ನ ಕೆಲಸಾ ನೋಡು."

ಅವನು ನನ್ನ ಮುಖ ಒಮ್ಮೆ ನೋಡಿ, ಉಳಿ ಮಸೆದುಕೊಂಡು ಬಂದು ಮತ್ತೆ ಶುರು ಮಾಡಿದ. ಆ ಹೊತ್ತಿನಲ್ಲಿ ಆದೆಮ್ಮ ಚಹಾ ಹಿಡಿದು ಲೇತಿನ ಅಂಗಡಿಯ ಬಾಗಿಲವರೆಗೆ ಬಂದಿದ್ದಳು. ಚಹಾ ಇಟ್ಟ ಮೇಲೂ ಸ್ವಲ್ಪ ಹೊತ್ತು ನಿಂತು ಹೋದಳು. ಶಾಫ್ಟನ್ನು ತಂದು ಎಂಜಿನ್ನಿಗೆ ಕೂರಿಸುವಾಗ ಹಮಾಲರು ಎಡಬಲ ತಿಳಿಯದೆ ಎತ್ತಿದರು ಅಂತ ನಾನು ಹಾರಾಡುತ್ತಿದ್ದೆ, ಆಗಲೂ ಆಕೆ ಕಂಬದ ಮರೆಯಲ್ಲಿ ಬಂದು ನಿಂತಿದ್ದಳು.

ಮೂರನೆಯ ದಿನ ಹನ್ನೊಂದು ಗಂಟೆಗೆ ಗೈಡ್ ಬಂದರು. ಬಿಳಿ ಅಂಗಿ, ಕೈಯಲ್ಲೊಂದು ಚರ್ಮದ ಚೀಲ. ಮಿಲ್ಲಿನೊಳಗೆ ವೆಂಕಣ್ಣ, ಶಂಶುದ್ದೀನ್, ಹಮಾಲರು, ಭತ್ತ ತಂದ ರೈತರು, ಎಲ್ಲ ಸೇರಿ ಸಂತೆಯಾಗಿತ್ತು. ಆದೆಮ್ಮ ಎಂಜಿನ್ನಿಗೆ ಆರತಿ ಎತ್ತಲು ತಟ್ಟೆ ಹಿಡಿದು ನಿಂತಿದ್ದಳು. ಬಾಯಿ ಮುಚ್ಚಿಕೊಂಡು ಎಂಜಿನ್ ಶುರು ಮಾಡಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಭಾಷಣ ಶುರು ಮಾಡಿದೆ.

"ಬೂದ್ಯಾಗ ಯಾಕ ಹೂತಿದ್ವಿ ಗೊತ್ತದೇನ್ರಿ ಸಾವ್ಕಾರ್ರ? ಕಾದಾಗ ಇದರ ಮ್ಯಾಲ ಒಂದು ಚರಿಗಿ ನೀರು ಬಿದ್ದಿದ್ರ ಮುಗೀತು. ಮ್ಯಾಲ ಏನೂ ಕಾಣಂಗಿಲ್ಲ, ಒಳಗ ಸೀಳಿರತದ. ಓಡೂ ಮುಂದ ಪಟಕ್ಕನ ಮುರೀತದ. ದೇವದುರ್ಗದಾಗ ಆತಲ್ಲ, ಹಂಗ. ಮಗ್ಗಲ ನಿಂತವಾ ಉಳಿಯಂಗಿಲ್ಲ."

ಝಣ್ ಅಂತ ಸದ್ದಾಯಿತು. ಆದೆಮ್ಮನ ಕೈಯಿಂದ ತಟ್ಟೆ ಬಿದ್ದು ಕುಂಕುಮ ನೆಲದ ತುಂಬ ಚೆಲ್ಲಿತ್ತು. "ಆರಿಸ್ಕೊ, ಆರಿಸ್ಕೊ," ಅಂದರು ವೆಂಕಣ್ಣ. ನಾನು ಚಿಂದಿ ಬಟ್ಟೆ ತೆಗೆದುಕೊಂಡು ಗೈಡಿಗೆ ತೋರಿಸಲೆಂದು ಶಾಫ್ಟನ್ನು ಒರೆಸಲು ಬಗ್ಗಿದೆ. ಗಾಲಿಯ ಪಕ್ಕ, ಲೇತಿನ ಉಳಿ ತಾಗದ ಭಾಗದಲ್ಲಿ ಬೂದಿ ಮೆತ್ತಿಕೊಂಡಿತ್ತು. ಒರೆಸಿದರೆ ಅದರ ಕೆಳಗೆ ಮೂರು ಬೆರಳು ಎಳೆದ ಗುರುತು. ಅರಿಶಿನ.

ಅರಿಶಿನ ಹಳದಿ ಇರಲಿಲ್ಲ. ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು.

ತಣ್ಣನೆಯ ಕಬ್ಬಿಣಕ್ಕೆ ಹಚ್ಚಿದ ಅರಿಶಿನ ಸುಡುವುದಿಲ್ಲ. ಅಂದರೆ ಶಾಫ್ಟು ಕಾದಿದ್ದಾಗಲೇ ಯಾರೋ ಬೂದಿ ಸರಿಸಿ ಪೂಜೆ ಮಾಡಿದ್ದಾರೆ. ಪೂಜೆ ಅಂದಮೇಲೆ ಮೊದಲು ತೊಳೆದೇ ತೊಳೆಯುತ್ತಾರೆ. ಅಮಾವಾಸ್ಯೆಗೊಮ್ಮೆ ಮಿಲ್ಲಿನ ಪ್ರತಿಯೊಂದು ಭಾಗವನ್ನೂ ನೀರು ಹಾಕಿ ತೊಳೆದು ಅರಿಶಿನ ಇಡುವುದು ಈ ಸೀಮೆಯ ಎಲ್ಲ ಮಿಲ್ಲುಗಳಲ್ಲೂ ಇದ್ದದ್ದೇ. ನಾನೂ ಇದೇ ಜಿಲ್ಲೆಯವನು. ನನಗದು ನೆನಪಾಗಬೇಕಿತ್ತು. ಶಂಶುದ್ದೀನನ ಉಳಿ ಯಾಕೆ ಚೀರಿತು ಅನ್ನುವುದೂ ಈಗ ತಿಳಿಯಿತು.

ತಲೆ ಎತ್ತಿದೆ. ಆದೆಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಬೂದಿ ಒರೆಸಿ ಏನನ್ನು ಕಂಡೆ ಅಂತ ಆಕೆಗೆ ಗೊತ್ತಾಯಿತು, ಆಕೆಗೆ ಗೊತ್ತಾಯಿತು ಅಂತ ನನಗೆ ಗೊತ್ತಾಯಿತು.

"ಏನ್ ಸಾರ್, ರೆಡೀನಾ?" ಅಂದರು ವೆಂಕಣ್ಣ.

ಈಗ ನಾನು ಮಾಡಿದ್ದನ್ನು ಬರೆಯಬೇಕು. ಗೈಡ್ ಕೈಗಡಿಯಾರ ನೋಡುತ್ತಿದ್ದರು. ಎಂಟು ವರ್ಷ. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿರಬಹುದು. ನೀರು ಆ ತುದಿಗಷ್ಟೇ ಬಿದ್ದಿರಬಹುದು. ಹತ್ತು ನಿಮಿಷ ಓಡಿದರೆ ಸಾಕು, ಸಹಿ ಆದಮೇಲೆ ಏನಾದರೂ ನೆಪ ಹೇಳಿ ನಿಲ್ಲಿಸಿಬಿಡುತ್ತೇನೆ. ಹತ್ತು ನಿಮಿಷದಲ್ಲಿ ಏನಾಗುತ್ತದೆ?

"ರೆಡಿ ಅದ," ಅಂದೆ.

ಆ ಎಂಜಿನ್ ಶುರು ಮಾಡಲು ಇಬ್ಬರು ಗಾಲಿಯ ಪಕ್ಕ ನಿಂತು ಕೈಯಿಂದ ಎಳೆದು ತಿರುಗಿಸಬೇಕು. ಎಂಜಿನ್ ಹತ್ತಿಕೊಂಡ ಮೇಲೂ ಓಟ ಒಂದು ಹದಕ್ಕೆ ಬರುವವರೆಗೆ ಓಡಿಸುವವನು ಅಲ್ಲೇ ನಿಂತಿರಬೇಕು. ಗದ್ದೆಪ್ಪ ರುಮಾಲು ಬಿಗಿದುಕೊಂಡು ಬಂದ. ಆ ಕಡೆಗೆ ಒಬ್ಬ ಹಮಾಲ ನಿಂತ. ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದೆ. ಬೇಕೆಂದೇ ಹೋದೆ. ಹೋಗುವಾಗ ಗೈಡಿನ ಕೈ ಹಿಡಿದು, "ಸರ್, ಇಲ್ಲಿಂದ ಚೊಲೊ ಕಾಣತದ," ಅಂತ ಅವರನ್ನೂ ಗಾಲಿಯ ಸಾಲಿನಿಂದ ಆಚೆ ಸರಿಸಿದೆ. ಗದ್ದೆಪ್ಪನನ್ನು ಸರಿಸಲಿಲ್ಲ.

"ಹೂಂ, ಜಗ್ಗು!" ಅಂದ ಗದ್ದೆಪ್ಪ. ಗಾಲಿ ಕಾಲು ಸುತ್ತು ತಿರುಗಿತು. ಇನ್ನೊಮ್ಮೆ ಜಗ್ಗಿದರು. ಅರ್ಧ ಸುತ್ತು. ಹೇಳು, ಹೇಳು ಅನ್ನುತ್ತಿತ್ತು ಒಳಗೆ. ನಾನು ಗೈಡಿನ ಕೈಗಡಿಯಾರ ನೋಡಿದೆ.

"ಬ್ಯಾಡ್ರೀ! ನಿಂದರಸ್ರೀ!"

ಆದೆಮ್ಮ ಓಡಿಬಂದು ಗಾಲಿಯ ಅಂಚಿಗೆ ಎರಡೂ ಕೈ ಕೊಟ್ಟು ತೂಗುಬಿದ್ದಳು. ಗದ್ದೆಪ್ಪ "ಏ, ಹುಚ್ಚಿ!" ಅಂತ ಹೌಹಾರಿ ಗಾಲಿಗೆ ಭುಜ ಕೊಟ್ಟು ತಡೆದ.

"ನಾನು ನೀರ್ ಹಾಕೀನ್ರೀ ಅದಕ್ಕ! ಅಮಾಸಿ ಸಂಜಿ ಮುಂದ, ಇಂವ ಇಲ್ಲದಾಗ! ನಮಗ ಅನ್ನಾ ಹಾಕೂ ಕಬ್ಬಣ ಅಮಾಸಿ ದಿನ ಬೂದ್ಯಾಗ ಹೂತು ಮಲಗಬಾರದು ಅಂತ ಬೂದಿ ಸರಿಸಿ ತೊಳದೀನ್ರೀ. ಚೊಂಯ್ ಅಂತು. ಹೊಗಿ ಎದ್ದಿತು. ಅರಿಶಿನ ಎಳದ್ರ ಬೆರಳು ಸುಟ್ಟವು. ಅಂಜಿ ಮತ್ತ ಮುಚ್ಚಿಬಿಟ್ಟೆ. ನನ್ನ ತಮ್ಮ ಹ್ವಾದ, ಇವನ್ನೂ ಕಳಕೊಳ್ಳಾಕ ಆಗಂಗಿಲ್ರೀ ನನಗ!"

ಮೊದಲು ಎಚ್ಚೆತ್ತವರು ವೆಂಕಣ್ಣ. "ಥೂ ನಿನ್ನ! ಮೂರ್ ದಿನದಿಂದ ಬಾಯಾಗ ಏನಿಟ್ಟುಕೊಂಡಿದ್ದಿ? ಸಾರು ಇಷ್ಟ್ ಕಷ್ಟಪಟ್ಟು ಮಾಡ್ಯಾರ! ಗಂಡಾ ಹೆಂಡ್ತಿ ಇಬ್ರೂ ಗಂಟು ಕಟ್ರಿ, ಈಗಿಂದೀಗ!"

ಎಲ್ಲರೂ ನನ್ನ ಕಡೆ ಅಯ್ಯೋ ಪಾಪ ಅನ್ನುವಂತೆ ನೋಡಿದರು. ಓದಿದವನ ಕೆಲಸವನ್ನು ಓದದವಳು ಹಾಳು ಮಾಡಿದಳು, ಅಷ್ಟೇ. ಸುಮ್ಮನೆ ನಿಂತಿದ್ದರೆ ನನಗೆ ಯಾವ ಹಾನಿಯೂ ಇರಲಿಲ್ಲ. ಆದೆಮ್ಮ ನನ್ನ ಕಡೆ ನೋಡಲೂ ಇಲ್ಲ. ನಾನು ಅರಿಶಿನ ನೋಡಿದ್ದೆ ಅಂತ ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ನೆಲಕ್ಕೆ ಕುಳಿತು ಗಂಡನ ಕಾಲು ಹಿಡಿದುಕೊಂಡಿದ್ದಳು.

ಗೈಡ್ ನಿಧಾನವಾಗಿ ಶಾಫ್ಟಿನ ಹತ್ತಿರ ಹೋದರು. ಕಂದು ಗುರುತಿನ ಮೇಲೆ ಬೆರಳಾಡಿಸಿದರು. ಅದರ ಸುತ್ತ ನಾನು ಆಗತಾನೇ ಒರೆಸಿದ ಜಾಗ ಹೊಳೆಯುತ್ತಿತ್ತು.

"ಜಗನ್ನಾಥ್, ಇದು ನಿಮಗೆ ಕಾಣಿಸಿತ್ತಾ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಗದ್ದೆಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಇಲ್ಲ ಅಂತಲೇ ನಾನು ಹೇಳುತ್ತೇನೆ, ಕಂಡಿದ್ದರೆ ತನ್ನನ್ನು ಅಲ್ಲಿ ನಿಲ್ಲಿಸುತ್ತಿರಲಿಲ್ಲ ಅನ್ನುವ ನಂಬಿಕೆಯಿಂದ ನೋಡಿದ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಕಾಣಿಸಿತ್ತು ಸರ್. ರೆಡಿ ಅನ್ನೋಕಿಂತ ಮೊದಲ ಕಾಣಿಸಿತ್ತು."

ಗದ್ದೆಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

"ಸಾವ್ಕಾರ್ರ," ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. "ಇವರನ್ನ ತಗದ್ರ ನಾ ಈ ಎಂಜಿನ್ ಮುಟ್ಟಂಗಿಲ್ಲ."

ಶಾಫ್ಟು ಬಿಚ್ಚಿ ಹೊರಗೆ ತರಲು ಒಂದು ತಾಸು ಹಿಡಿಯಿತು. ಎರಡು ಕಲ್ಲುಗಳ ಮೇಲೆ ಮಲಗಿಸಿ ಶಂಶುದ್ದೀನ್ ದೊಡ್ಡ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಏನೂ ಆಗಲಿಲ್ಲ. ನನ್ನೊಳಗಿನ ನಾಚಿಕೆಗೇಡಿ ಆಗಲೂ ಖುಷಿಪಟ್ಟ, ನೋಡಿದ್ಯಾ ಅಂದ. ಎರಡನೆಯ ಏಟಿಗೆ ಶಾಫ್ಟು ಎರಡು ತುಂಡಾಯಿತು. ಮುರಿದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಹೊಳೆಯಿತು.

ಗೈಡ್ ಹೊರಡುವಾಗ, "ಒಂದು ತಿಂಗಳ ಮೇಲೆ ಮತ್ತೆ ಬರ್ತೀನಿ. ಆಗಲೂ ಆಗದಿದ್ದರೆ ಬಿಟ್ಟುಬಿಡಿ," ಅಂದರು. ಕೈ ಕುಲುಕಲಿಲ್ಲ.

ಸಂಜೆ ತೌಡಿನ ಕೋಣೆಯ ಹತ್ತಿರ ಆದೆಮ್ಮ ಜರಡಿ ಹಿಡಿದಿದ್ದಳು. ಹೋಗಿ ನಿಂತೆ. "ಮೊದಲ ಯಾಕ ಹೇಳ್ಲಿಲ್ಲ ನೀನು?" ಅಂತ ಕೇಳಿದಾಗ ನನ್ನ ದನಿ ಆಗಲೇ ಏರಿತ್ತು, ನೋಡಿ ಕರ್ಮ.

"ಎರಡ್ ಸಲ ಬಂದೀನ್ರೀ ಯಪ್ಪಾ, ಹೇಳಬೇಕಂತ," ಅಂದಳು ಆಕೆ ಜರಡಿ ನಿಲ್ಲಿಸದೆ. "ಬಂದಾಗೊಮ್ಮಿ ನೀವು ಯಾರ್ನರ ಬೈಯ್ಯಾಕತ್ತಿದ್ರಿ. ತಪ್ಪು ನಂದೂ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಹೆಂಗ ಹೇಳಲ್ರೀ ನಿಮಗ?"

ಎಂಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಟೀಕೆಗಳಲ್ಲಿ ಇದರ ಮುಂದೆ ನಿಲ್ಲುವಂಥದ್ದು ಒಂದೂ ಇರಲಿಲ್ಲ. ಅಲ್ಲೇ ಭತ್ತದ ಚೀಲದ ಮೇಲೆ ಕುಳಿತುಬಿಟ್ಟೆ. ಆಮೇಲೆ ಕಾವು ಯಾಕೆ ನಿಧಾನ ಇಳಿಯಬೇಕು ಅಂತ ಮೊದಲಿನಿಂದ ಹೇಳಿದೆ. ಆಕೆ ಕೇಳಿಸಿಕೊಂಡು, "ಇಷ್ಟ ಏನ್ರೀ? ಬಾಣಂತಿ ಮೈಗೆ ತಣ್ಣೀರು ಹಾಕ್ತೀವೇನ್ರೀ ನಾವು? ಅವತ್ತ ಹೇಳಿದ್ರ ಬೂದಿ ಮುಂದ ನಾನ ಕಾವಲ ಕುಂದರತಿದ್ದೆ," ಅಂದಳು.

ಶಂಶುದ್ದೀನ್ ರಾಯಚೂರಿನ ಗುಜರಿಯಲ್ಲಿ ಅದೇ ಜಾತಿಯ ಎಂಜಿನ್ನಿನ ಹಳೆಯ ಶಾಫ್ಟು ಹುಡುಕಿ ತಂದ. ಅದರ ಕತ್ತೂ ಸವೆದಿತ್ತು. ಈ ಸಲ ಬೆಂಕಿ ಹಾಕುವ ಮೊದಲೇ ಆದೆಮ್ಮ ತಣ್ಣಗಿನ ಶಾಫ್ಟನ್ನು ತೊಳೆದು, ಒರೆಸಿ, ಅರಿಶಿನ ಇಟ್ಟಳು. ಆಮೇಲೆ ನಾನು ಪದರ ಕೂರಿಸಿದೆ. ಬೂದಿಯ ಗುಂಡಿಯ ಪಕ್ಕ ಆಕೆ ಚಾಪೆ ಹಾಕಿಕೊಂಡು ಕುಳಿತಳು, ಸಾವುಕಾರರನ್ನೂ ಹತ್ತಿರ ಬಿಡಲಿಲ್ಲ. ಲೇತಿನಲ್ಲಿ ಉಳಿ ಚೀರಲಿಲ್ಲ. ಆದರೂ ಶಂಶುದ್ದೀನನಿಗೆ, "ಏನನಸ್ತದ ನಿನಗ?" ಅಂತ ಕೇಳಿದೆ. ಅವನಿಗೆ ಆಶ್ಚರ್ಯವಾಯಿತು.

ಗೈಡ್ ಬಂದ ದಿನ ಗದ್ದೆಪ್ಪ ಗಾಲಿಯ ಪಕ್ಕ ನಿಂತ. ಹಮಾಲ ಇನ್ನೊಂದು ಕಡೆ ಬರುವಷ್ಟರಲ್ಲಿ ಆದೆಮ್ಮ ಅವನಿಗೆ ಕೈ ಅಡ್ಡ ಹಿಡಿದಳು.

"ನೀ ಬ್ಯಾಡ. ಸಾಹೇಬ್ರು ನಿಂದರತಾರ."

ಎಲ್ಲರೂ ನನ್ನನ್ನು ನೋಡಿದರು. ನಾನು ಕನ್ನಡಕ ತೆಗೆದು ಕಿಸೆಗೆ ಹಾಕಿ ಹೋಗಿ ನಿಂತೆ. ಗಾಲಿಯ ಕಬ್ಬಿಣ ಅಂಗೈಗೆ ತಣ್ಣಗಿತ್ತು. ಅಷ್ಟು ಹತ್ತಿರದಿಂದ ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ತಲೆಗಿಂತ ಮೇಲೆ ಹೋಗಿತ್ತು. ಎಲ್ಲ ಸರಿ ಮಾಡಿದ್ದೇನೆ ಅಂತ ಗೊತ್ತಿತ್ತು, ಆದರೂ ಒಂದರ ಹಿಂದೊಂದು ಅನುಮಾನ ಬಂತು. ಬೂದಿ ಸಾಲದಾಯಿತೇ? ನಾಲ್ಕನೆಯ ಪದರದಲ್ಲಿ ಕಿಟ್ಟ ಉಳಿಯಿತೇ? ಹಿಂದಿನ ಸಲ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಾಗ ಇಂಥ ಒಂದು ಪ್ರಶ್ನೆಯೂ ಬಂದಿರಲಿಲ್ಲ.

"ಜಗ್ಗ್ರಿ ಸಾಹೇಬ್ರ," ಅಂದ ಗದ್ದೆಪ್ಪ.

ಜಗ್ಗಿದೆವು. ಅರ್ಧ ಸುತ್ತು, ಒಂದು ಸುತ್ತು, ಮೂರು. ಧಡ್ ಅಂತು. ಆಮೇಲೆ ಧಡ್, ಧಡ್, ಧಡ್. ಗಾಲಿ ಕೈಯಿಂದ ಜಾರಿ ತಾನೇ ಓಡತೊಡಗಿತು. ಅದರ ಗಾಳಿಗೆ ಅಂಗಿ ಎದೆಗೆ ಅಂಟಿಕೊಂಡಿತು. ಓಡಿಹೋಗಬೇಕು ಅನ್ನಿಸಿತು, ಗದ್ದೆಪ್ಪ ಕದಲದ್ದಕ್ಕೆ ನಾನೂ ಕದಲಲಿಲ್ಲ. ಸುತ್ತು ಎಣಿಸಲು ಹೋಗಿ ಲೆಕ್ಕ ತಪ್ಪಿತು. ಆದೆಮ್ಮ ಗಾಲಿಯನ್ನಲ್ಲ, ನನ್ನ ಮುಖವನ್ನು ನೋಡುತ್ತ ನಿಂತಿದ್ದಳು. ಎಷ್ಟು ಹೊತ್ತಾಯಿತೋ, ಓಟ ಹದಕ್ಕೆ ಬಂತು. ಶಾಫ್ಟು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಸಾಕ್ರೀ ಯಪ್ಪಾ," ಅಂದಳು ಆದೆಮ್ಮ. "ಇನ್ನ ಈಚಿಗೆ ಬರ್ರಿ."

ನಾನು ಈಚೆಗೆ ಬಂದೆ. ಗದ್ದೆಪ್ಪ ಅಲ್ಲೇ ನಿಂತಿದ್ದ. ಅದು ಅವನು ದಿನಾ ನಿಲ್ಲುವ ಜಾಗ.